ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಪ್ರಯಾಣದ ಅವಧಿ: ನೀವೇ ಲೆಕ್ಕ ಹಾಕಲು ಸಮಗ್ರ ಮಾರ್ಗದರ್ಶಿ

ನ್ಯೂಯಾರ್ಕ್‌ನಿಂದ ಲಂಡನ್‌ಗೆ ಎಷ್ಟು ದೂರ ಎಂದು ಹುಡುಕಿ ನೋಡಿ. ಒಂದು ಕಡೆ 5,540 ಕಿ.ಮೀ. ಎಂದಿರುತ್ತದೆ, ಇನ್ನೊಂದು ಕಡೆ 5,554, ಮತ್ತೊಂದು ಕಡೆ 5,570. ವಿಮಾನ ನಿಜವಾಗಿ ಹಾರಿದ ದಾರಿಯನ್ನು ಅಳೆದರೆ ಅದು 5,700ನ್ನೂ ಮುಟ್ಟಬಹುದು. ಅವಧಿಯ ವಿಷಯದಲ್ಲಂತೂ ಆರು ಗಂಟೆಯಿಂದ ಎಂಟು ಗಂಟೆಯವರೆಗೆ ಎಲ್ಲ ಉತ್ತರಗಳೂ ಸಿಗುತ್ತವೆ. ಓದುಗ ಗೊಂದಲಕ್ಕೆ ಬೀಳುವುದು ಸಹಜ. ಆದರೆ ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಸಂಖ್ಯೆಯೂ ಬೇರೊಂದು ಪ್ರಶ್ನೆಗೆ ಉತ್ತರ. ಭೂಮಿಯನ್ನು ಪರಿಪೂರ್ಣ ಗೋಳವೆಂದು ಎಣಿಸಿದರೆ 5,540, ಧ್ರುವಗಳಲ್ಲಿ ತುಸು ಚಪ್ಪಟೆಯಾದ ಅದರ ನಿಜವಾದ ಆಕಾರವನ್ನು ಪರಿಗಣಿಸಿದರೆ 5,554, ನಿಲ್ದಾಣಗಳ ಬದಲು ನಗರಗಳ ಕೇಂದ್ರದಿಂದ ಅಳೆದರೆ ಸುಮಾರು 5,570. ಆದ್ದರಿಂದ ಲೆಕ್ಕಕ್ಕೆ ಕೈಹಾಕುವ ಮುನ್ನ ಯಾವ ದೂರ, ಯಾವ ಅವಧಿ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಮುಂದಿನ ಹಂತಗಳಲ್ಲಿ ಈ ನ್ಯೂಯಾರ್ಕ್–ಲಂಡನ್ ಜೋಡಿಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮಗೆ ಬೇಕಾದ ಎರಡು ನಿಲ್ದಾಣಗಳನ್ನು ಅದರ ಜಾಗದಲ್ಲಿ ಇಟ್ಟು, ಒಂದು ಕ್ಯಾಲ್ಕುಲೇಟರ್ ಹಿಡಿದು ಜೊತೆಗೇ ಲೆಕ್ಕ ಮಾಡುತ್ತಾ ಹೋಗಬಹುದು.

ಹಂತ 1: ನಗರವನ್ನಲ್ಲ, ನಿಲ್ದಾಣವನ್ನು ಗುರುತಿಸಿ

ಲಂಡನ್ ಎಂಬ ಹೆಸರಿನಡಿ ಹೀಥ್ರೂ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ ಹೀಗೆ ಹಲವು ನಿಲ್ದಾಣಗಳಿವೆ. ಟೋಕಿಯೋಗೆ ಹನೇಡಾ ಮತ್ತು ನರಿಟಾ ಎರಡೂ ಇವೆ. ಇವುಗಳ ನಡುವಿನ ಅಂತರ ಆಕಾಶದ ಲೆಕ್ಕದಲ್ಲಿ ಅಲ್ಪವೆನಿಸಿದರೂ ನೆಲದ ಮೇಲೆ ಒಂದೆರಡು ಗಂಟೆ ನುಂಗಿಬಿಡುತ್ತದೆ. ಹಾಗಾಗಿ ಟಿಕೆಟ್ಟಿನಲ್ಲಿರುವ, ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ (ಐಎಟಿಎ) ಕೊಟ್ಟ ಮೂರಕ್ಷರದ ಸಂಕೇತವನ್ನೇ ಆಧಾರವಾಗಿ ಇಟ್ಟುಕೊಳ್ಳಿ: ಹೀಥ್ರೂಗೆ ಎಲ್‌ಎಚ್‌ಆರ್, ನ್ಯೂಯಾರ್ಕ್‌ನ ಕೆನಡಿ ನಿಲ್ದಾಣಕ್ಕೆ ಜೆಎಫ್‌ಕೆ. ಪೈಲಟ್‌ಗಳು ಮತ್ತು ವಾಯು ಸಂಚಾರ ನಿಯಂತ್ರಕರು ಬಳಸುವ, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ನಾಲ್ಕಕ್ಷರದ ಸಂಕೇತ ಬೇರೆ. ಅದನ್ನು ಕಂಡು ತಬ್ಬಿಬ್ಬಾಗಬೇಕಿಲ್ಲ.

ಹೆಸರು ಒಂದೇ ಇರುವ ಊರುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸ್ಯಾನ್ ಹೋಸೆ ಕೋಸ್ಟರಿಕಾದ ರಾಜಧಾನಿ; ಅದೇ ಅಕ್ಷರಗಳ ಊರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಇದೆ. ಸಿಡ್ನಿ ಆಸ್ಟ್ರೇಲಿಯಾದಲ್ಲಿದೆ, ಕೆನಡಾದ ನೋವಾ ಸ್ಕೋಷಿಯಾದಲ್ಲೂ ಇದೆ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲಿದೆ, ಅಮೆರಿಕದ ಅಲಬಾಮಾದಲ್ಲೂ ಇದೆ. ಊರಿನ ಹೆಸರನ್ನಷ್ಟೇ ಬರೆದು ದೂರ ಕೇಳಿದರೆ ಜಾಲತಾಣ ತನಗೆ ತೋಚಿದ ಊರನ್ನು ಆರಿಸಿಕೊಳ್ಳುತ್ತದೆ; ಸಂಕೇತ ಕೊಟ್ಟರೆ ಆ ಅವಕಾಶವೇ ಇಲ್ಲ.

ಹಂತ 2: ಅಕ್ಷಾಂಶ, ರೇಖಾಂಶಗಳನ್ನು ಸರಿಯಾದ ರೂಪಕ್ಕೆ ತನ್ನಿ

ಪ್ರತಿ ವಿಮಾನ ನಿಲ್ದಾಣಕ್ಕೂ ಅಧಿಕೃತವಾದ ಒಂದು ಉಲ್ಲೇಖ ಬಿಂದು ಇರುತ್ತದೆ. ಸಾಮಾನ್ಯವಾಗಿ ಅದು ರನ್‌ವೇಗಳ ನಡುಭಾಗದಲ್ಲಿರುತ್ತದೆ. ಆ ಬಿಂದುವಿನ ಅಕ್ಷಾಂಶ ಮತ್ತು ರೇಖಾಂಶ ನಿಲ್ದಾಣದ ವಿಕಿಪೀಡಿಯ ಪುಟದಲ್ಲೋ ಯಾವುದೇ ನಕ್ಷೆಯ ಆ್ಯಪ್‌ನಲ್ಲೋ ಸಿಗುತ್ತದೆ.

ಕೆಲವೆಡೆ ಇದನ್ನು ಡಿಗ್ರಿ, ನಿಮಿಷ, ಸೆಕೆಂಡುಗಳಲ್ಲಿ ಬರೆದಿರುತ್ತಾರೆ. ಅದನ್ನು ದಶಮಾಂಶಕ್ಕೆ ತರಲು ನಿಮಿಷವನ್ನು 60ರಿಂದಲೂ ಸೆಕೆಂಡನ್ನು 3,600ರಿಂದಲೂ ಭಾಗಿಸಿ ಡಿಗ್ರಿಗೆ ಕೂಡಿಸಿ. 40 ಡಿಗ್ರಿ 38 ನಿಮಿಷ 24 ಸೆಕೆಂಡ್ ಎಂದರೆ 40.64 ಡಿಗ್ರಿ. ಉತ್ತರ ಅಕ್ಷಾಂಶ ಮತ್ತು ಪೂರ್ವ ರೇಖಾಂಶಗಳಿಗೆ ಧನ ಚಿಹ್ನೆ, ದಕ್ಷಿಣ ಮತ್ತು ಪಶ್ಚಿಮಕ್ಕೆ ಋಣ ಚಿಹ್ನೆ. ನಮ್ಮ ಉದಾಹರಣೆಯಲ್ಲಿ:

ಕೆನಡಿ ನಿಲ್ದಾಣ: ಅಕ್ಷಾಂಶ 40.64, ರೇಖಾಂಶ −73.78
ಹೀಥ್ರೂ: ಅಕ್ಷಾಂಶ 51.47, ರೇಖಾಂಶ −0.45

ಎರಡು ದಶಮಾಂಶ ಸ್ಥಾನ ಸಾಕು. ಒಂದು ಡಿಗ್ರಿಯ ನೂರನೇ ಒಂದು ಭಾಗ ನೆಲದ ಮೇಲೆ ಹೆಚ್ಚೆಂದರೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು.

ಹಂತ 3: ಮಹಾವೃತ್ತದ ದೂರವನ್ನು ಲೆಕ್ಕ ಹಾಕಿ

ಗೋಳದ ಮೇಲೆ ಎರಡು ಬಿಂದುಗಳನ್ನು ಸೇರಿಸುವ ಅತಿ ಹತ್ತಿರದ ದಾರಿ ಮಹಾವೃತ್ತದ ಒಂದು ತುಂಡು. ಗೋಳದ ಕೇಂದ್ರವನ್ನೂ ಆ ಎರಡು ಬಿಂದುಗಳನ್ನೂ ಹಾಯುವಂತೆ ಒಂದು ಸಮತಲ ಕತ್ತರಿಸಿದರೆ ಮೇಲ್ಮೈ ಮೇಲೆ ಮೂಡುವ ಗೆರೆಯೇ ಮಹಾವೃತ್ತ. ಲೆಕ್ಕದ ತಿರುಳು ಇಷ್ಟೇ: ಭೂಮಿಯ ಕೇಂದ್ರದಲ್ಲಿ ನಿಂತು ನೋಡಿದರೆ ಆ ಎರಡು ನಿಲ್ದಾಣಗಳ ನಡುವೆ ಎಷ್ಟು ಡಿಗ್ರಿ ಕೋನವಿದೆ ಎಂದು ಕಂಡುಹಿಡಿಯಬೇಕು. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಆದ್ದರಿಂದ ಒಂದು ಡಿಗ್ರಿ ಕೋನಕ್ಕೆ 111.195 ಕಿ.ಮೀ. ದೂರ.

ಕೋನ ಕಂಡುಹಿಡಿಯುವ ಕ್ರಮ ಹೀಗಿದೆ. ಕ್ಯಾಲ್ಕುಲೇಟರ್ ಡಿಗ್ರಿ ಕ್ರಮದಲ್ಲಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಸ್ಪ್ರೆಡ್‌ಶೀಟ್‌ನಲ್ಲಿ ಮಾಡುವವರು ಡಿಗ್ರಿಯನ್ನು ಕೋನದ ಇನ್ನೊಂದು ಮಾನವಾದ ರೇಡಿಯನ್‌ಗೆ ಪರಿವರ್ತಿಸಿಕೊಂಡೇ ಮುಂದುವರಿಯಬೇಕು. ಅರ್ಥವಿಲ್ಲದ ಉತ್ತರ ಬಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ ಆಗಿರುತ್ತದೆ.

ಮೊದಲು ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.6513 × 0.7823 = 0.5095.

ಬಳಿಕ ರೇಖಾಂಶಗಳ ವ್ಯತ್ಯಾಸ ತೆಗೆಯಿರಿ: 73.78 − 0.45 = 73.33 ಡಿಗ್ರಿ. ಇಲ್ಲಿ ಎರಡೂ ಪಶ್ಚಿಮದಲ್ಲಿರುವುದರಿಂದ ಕಳೆದಿದ್ದೇವೆ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದರೆ ಕೂಡಬೇಕು; ಮೊತ್ತ 180 ದಾಟಿದರೆ 360ರಿಂದ ಕಳೆಯಬೇಕು.

ಈಗ ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಗುಣಿಸಿ: 0.7588 × 0.6229 × 0.2869 = 0.1356.

ಎರಡು ಫಲಗಳನ್ನು ಕೂಡಿದರೆ 0.6451. ಯಾವ ಕೋನದ ಕೊಸೈನ್ ಇಷ್ಟಾಗುತ್ತದೆ ಎಂದು ವಿಲೋಮ ಕೊಸೈನ್ ಗುಂಡಿಯಿಂದ ನೋಡಿದರೆ 49.83 ಡಿಗ್ರಿ. ಇದನ್ನು 111.195ರಿಂದ ಗುಣಿಸಿದರೆ ಸುಮಾರು 5,540 ಕಿ.ಮೀ. ಬರುತ್ತದೆ.

ಭೂಮಿಯ ಸಮಭಾಜಕ ತ್ರಿಜ್ಯ ಸುಮಾರು 6,378 ಕಿ.ಮೀ., ಧ್ರುವೀಯ ತ್ರಿಜ್ಯ ಸುಮಾರು 6,357 ಕಿ.ಮೀ. ಈ 21 ಕಿ.ಮೀ. ವ್ಯತ್ಯಾಸದಿಂದಾಗಿ ಗೋಳದ ಲೆಕ್ಕ ಶೇ 0.5ರವರೆಗೆ ಆಚೀಚೆ ಆಗಬಹುದು. ನಮ್ಮ ಉದಾಹರಣೆಯಲ್ಲಿ ವ್ಯತ್ಯಾಸ 14 ಕಿ.ಮೀ., ಅಂದರೆ ವಿಮಾನಕ್ಕೆ ಒಂದು ನಿಮಿಷದ ದಾರಿ. ಪ್ರಯಾಣ ಯೋಜಿಸುವವರಿಗೆ ಗೋಳದ ಲೆಕ್ಕವೇ ಧಾರಾಳವಾಗಿ ಸಾಕು. ಕೈಲೆಕ್ಕ ಬೇಡವೆನ್ನುವವರಿಗೆ ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಜಾಲತಾಣ ಸಂಕೇತ ಕೊಟ್ಟ ತಕ್ಷಣ ದೂರವನ್ನೂ ದಾರಿಯ ಚಿತ್ರವನ್ನೂ ತೋರಿಸುತ್ತದೆ. ಗೂಗಲ್ ಅರ್ಥ್‌ನ ಅಳತೆಪಟ್ಟಿಯೂ ಅದೇ ಕೆಲಸ ಮಾಡುತ್ತದೆ. ಆದರೂ ಒಮ್ಮೆಯಾದರೂ ಕೈಯಾರೆ ಲೆಕ್ಕ ಹಾಕಿ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ. ಆಮೇಲೆ ಯಾವ ಜಾಲತಾಣ ತಪ್ಪು ಸಂಖ್ಯೆ ಕೊಟ್ಟರೂ ನಿಮ್ಮ ಕಣ್ಣಿಗೆ ಥಟ್ಟನೆ ಬೀಳುತ್ತದೆ.

ಮಾನಗಳ ಬಗ್ಗೆ ಒಂದು ಮಾತು. ವಿಮಾನಯಾನದಲ್ಲಿ ದೂರವನ್ನು ನಾಟಿಕಲ್ ಮೈಲಿಯಲ್ಲಿ ಅಳೆಯುತ್ತಾರೆ; ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ರಸ್ತೆಯ ಮೈಲಿ 1.609 ಕಿ.ಮೀ. ಬರೀ ‘ಮೈಲಿ’ ಎಂದು ಬರೆದಿರುವಲ್ಲಿ ಯಾವುದೆಂದು ನೋಡದೆ ಪರಿವರ್ತಿಸಿದರೆ ಶೇ 15ರಷ್ಟು ದೂರ ತಪ್ಪುತ್ತದೆ. ಐದಾರು ಸಾವಿರ ಕಿಲೋಮೀಟರಿನ ಹಾರಾಟದಲ್ಲಿ ಇದು ಸುಮಾರು ಒಂದು ಗಂಟೆಯ ತಪ್ಪು.

ಚಪ್ಪಟೆ ನಕ್ಷೆಯ ಮೋಸ

ಗೋಡೆಯ ಮೇಲಿನ ಆಯತಾಕಾರದ ನಕ್ಷೆಯಲ್ಲಿ ಎರಡು ನಿಲ್ದಾಣಗಳ ನಡುವೆ ಸ್ಕೇಲ್ ಇಟ್ಟು ಅಳೆಯುವುದಕ್ಕಿಂತ ದೊಡ್ಡ ತಪ್ಪು ಈ ವಿಷಯದಲ್ಲಿ ಇಲ್ಲ. ಸಿಡ್ನಿ ಮತ್ತು ಚಿಲಿಯ ಸ್ಯಾಂಟಿಯಾಗೊ ಎರಡೂ ಹೆಚ್ಚುಕಡಿಮೆ 34 ಡಿಗ್ರಿ ದಕ್ಷಿಣ ಅಕ್ಷಾಂಶದ ಬಳಿ ಇವೆ. ನಕ್ಷೆ ನೋಡಿದವರಿಗೆ ಪೆಸಿಫಿಕ್ ಸಾಗರದ ಮೇಲೆ ನೇರ ಪೂರ್ವಕ್ಕೆ ಹಾರಿದರೆ ಮುಗಿಯಿತು ಎನಿಸುತ್ತದೆ. ಆ ಅಕ್ಷಾಂಶದ ಗೆರೆಯನ್ನೇ ಹಿಡಿದು ಹೋದರೆ ಸುಮಾರು 12,770 ಕಿ.ಮೀ. ಆಗುತ್ತದೆ. ಮಹಾವೃತ್ತದ ದಾರಿ ಸುಮಾರು 11,340 ಕಿ.ಮೀ. ಮಾತ್ರ, ಉಳಿತಾಯ 1,400 ಕಿ.ಮೀ.ಗೂ ಹೆಚ್ಚು. ಆದರೆ ಆ ದಾರಿ ನಡುವೆ ಸುಮಾರು 62 ಡಿಗ್ರಿ ದಕ್ಷಿಣದವರೆಗೆ ಇಳಿದು ಅಂಟಾರ್ಕ್ಟಿಕಾದ ಕಡೆಗೆ ಬಾಗುತ್ತದೆ. ಮನೆಯಲ್ಲೊಂದು ಗೋಳವಿದ್ದರೆ ಎರಡೂ ಊರುಗಳ ಮೇಲೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ದಕ್ಷಿಣಕ್ಕೆ ಜಾರುವುದನ್ನು ನೋಡಬಹುದು. ಮಕ್ಕಳಿಗೆ ಇದನ್ನು ಖಂಡಿತ ತೋರಿಸಿ. ನ್ಯೂಯಾರ್ಕ್‌ನಿಂದ ಹಾಂಗ್‌ಕಾಂಗ್‌ಗೆ ಹೋಗುವ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಸಮೀಪ ಹಾಯುವುದೂ ಇದೇ ಕಾರಣಕ್ಕೆ.

ಇನ್ನೊಂದು ಮಿತಿಯೂ ನೆನಪಿರಲಿ: ಭೂಮಿಯ ಮೇಲೆ ಯಾವ ಎರಡು ಸ್ಥಳಗಳ ನಡುವೆಯೂ ಅತಿ ಹತ್ತಿರದ ದೂರ ಸುಮಾರು 20,000 ಕಿ.ಮೀ. ಮೀರಲು ಸಾಧ್ಯವಿಲ್ಲ. ಅದು ಭೂಮಿಯ ಸುತ್ತಳತೆಯ ಅರ್ಧ. ನಿಮ್ಮ ಲೆಕ್ಕ ಅದಕ್ಕಿಂತ ಹೆಚ್ಚು ತೋರಿಸಿದರೆ ಚಿಹ್ನೆಗಳನ್ನು ಮತ್ತೆ ಪರಿಶೀಲಿಸಿ.

ಹಂತ 4: ನಿಜವಾದ ದಾರಿಗಾಗಿ ಒಂದಿಷ್ಟು ಸೇರಿಸಿ

ಮಹಾವೃತ್ತದ ದೂರ ಕನಿಷ್ಠ ಮಿತಿ. ವಿಮಾನ ಅದಕ್ಕಿಂತ ಕಡಿಮೆ ಹಾರಲಾರದು, ಸಾಮಾನ್ಯವಾಗಿ ಹೆಚ್ಚೇ ಹಾರುತ್ತದೆ. ಗಾಳಿಗೆ ಎದುರಾಗಿ ಏರಬೇಕಾದ್ದರಿಂದ ಕೆಲವೊಮ್ಮೆ ಹೋಗಬೇಕಾದ ದಿಕ್ಕಿಗೆ ಬೆನ್ನು ಮಾಡಿ ರನ್‌ವೇ ಬಿಡುತ್ತದೆ. ಇಳಿಯುವಾಗ ಸಾಲಿನಲ್ಲಿ ನಿಲ್ಲಬೇಕು. ನಡುವಿನ ದಾರಿಯಲ್ಲಿ ನಿಗದಿತ ಬಿಂದುಗಳನ್ನು ಹಾಯಬೇಕು, ಸೇನಾ ವಲಯಗಳನ್ನು ತಪ್ಪಿಸಿಕೊಂಡು ಹೋಗಬೇಕು, ಗುಡುಗು ಮೋಡಗಳನ್ನು ಸುತ್ತಬೇಕು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಇಂಗಾಲ ಹೊರಸೂಸುವಿಕೆ ಕ್ಯಾಲ್ಕುಲೇಟರ್ ಇದಕ್ಕಾಗಿ ಮಹಾವೃತ್ತದ ದೂರಕ್ಕೆ ನಿಗದಿತ ಮೊತ್ತವೊಂದನ್ನು ಸೇರಿಸುತ್ತದೆ: 550 ಕಿ.ಮೀ.ಗಿಂತ ಕಡಿಮೆಯಿದ್ದರೆ 50, ಅಲ್ಲಿಂದ 5,500ರವರೆಗೆ 100, ಅದಕ್ಕೂ ಮೇಲೆ 125 ಕಿ.ಮೀ. ಸಮಯದ ಅಂದಾಜಿಗೆ ನಾನು ದೂರದ ಶೇ 3ರಷ್ಟು ಸೇರಿಸುತ್ತೇನೆ. ನಮ್ಮ 5,540 ಹೀಗೆ ಸುಮಾರು 5,700 ಆಗುತ್ತದೆ.

ಉತ್ತರ ಅಟ್ಲಾಂಟಿಕ್ ಮೇಲಿನ ವ್ಯವಸ್ಥೆ ನಿಜಕ್ಕೂ ಕುತೂಹಲಕಾರಿ. ಅಲ್ಲಿ ದಿನಕ್ಕೆ ಎರಡು ಬಾರಿ ಸಮಾನಾಂತರ ಪಥಗಳ ಗುಚ್ಛವೊಂದನ್ನು ಹೊಸದಾಗಿ ರೂಪಿಸುತ್ತಾರೆ: ಹಗಲಲ್ಲಿ ಪಶ್ಚಿಮಕ್ಕೆ ಹೋಗುವವರಿಗೆ ಎದುರುಗಾಳಿ ತಪ್ಪುವಂತೆ, ರಾತ್ರಿ ಪೂರ್ವಕ್ಕೆ ಬರುವವರಿಗೆ ಹಿಂಗಾಳಿ ಸಿಗುವಂತೆ. ಹೀಗಾಗಿ ನಿನ್ನೆಯ ದಾರಿ ಇವತ್ತಿಲ್ಲ.

ಎರಡು ಎಂಜಿನ್‌ಗಳ ವಿಮಾನಗಳಿಗೆ ಇನ್ನೊಂದು ಕಟ್ಟುಪಾಡು ಇದೆ. ಒಂದು ಎಂಜಿನ್ ಕೆಟ್ಟರೆ ಉಳಿದೊಂದರಲ್ಲೇ ನಿಗದಿತ ಸಮಯದೊಳಗೆ ಯಾವುದಾದರೂ ನಿಲ್ದಾಣ ತಲುಪುವಂತಿರಬೇಕು. ಮೂಲತಃ ಈ ಮಿತಿ 60 ನಿಮಿಷ. ವಿಶೇಷ ಅನುಮತಿಯಿಂದ ಬೋಯಿಂಗ್ 787ಕ್ಕೆ 330 ನಿಮಿಷದವರೆಗೆ, ಏರ್‌ಬಸ್ ಎ350ಕ್ಕೆ 370 ನಿಮಿಷದವರೆಗೆ ವಿಸ್ತರಿಸಿದೆ. ದಕ್ಷಿಣದ ಸಾಗರಗಳ ಮೇಲೆ ದಾರಿ ಎಷ್ಟು ನೇರವಾಗಿರಬಹುದು ಎಂಬುದನ್ನು ಈ ನಿಯಮ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಶೇ 3ರ ಸೂತ್ರ ಪೂರ್ತಿ ಕೈಕೊಡುವುದು ಆಕಾಶ ಮುಚ್ಚಿದಾಗ. 2022ರ ಫೆಬ್ರುವರಿಯ ಬಳಿಕ ಯುರೋಪಿನ ಒಕ್ಕೂಟದ ವಿಮಾನಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಮಹಾವೃತ್ತದ ದೂರ ಸುಮಾರು 7,800 ಕಿ.ಮೀ.; ಅದರಲ್ಲಿ ಒಂದು ಕಿಲೋಮೀಟರೂ ಬದಲಾಗಿಲ್ಲ. ಆದರೆ ಸುಮಾರು 9 ಗಂಟೆಯಿಂದ 9 ಗಂಟೆ 30 ನಿಮಿಷದಲ್ಲಿ ಮುಗಿಯುತ್ತಿದ್ದ ಫಿನ್‌ಲೆಂಡಿನ ಫಿನ್‌ಏರ್ ಕಂಪನಿಯ ಹಾರಾಟ ಧ್ರುವದ ಮೇಲೋ ದಕ್ಷಿಣದ ಸುತ್ತುದಾರಿಯಲ್ಲೋ ಸಾಗಿ 13 ಗಂಟೆಯಷ್ಟಾಯಿತು. ಯುದ್ಧ ಅಥವಾ ನಿರ್ಬಂಧವಿರುವ ಪ್ರದೇಶ ನಿಮ್ಮ ಮಹಾವೃತ್ತದ ಗೆರೆಯ ಮೇಲಿದ್ದರೆ ಯಾವ ಸೂತ್ರವನ್ನೂ ನಂಬದೆ ನೇರವಾಗಿ ಕೊನೆಯ ಹಂತಕ್ಕೆ ಹೋಗಿ.

ಹಂತ 5: ಅವಧಿಯ ಲೆಕ್ಕ

ಮೊದಲು ಮನಸ್ಸಿನಲ್ಲೇ ಮಾಡಬಹುದಾದ ಸೂತ್ರ: ಮಹಾವೃತ್ತದ ದೂರವನ್ನು 800ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ಟೋಕಿಯೋದ ಹನೇಡಾದಿಂದ ಸಪ್ಪೊರೊದ ನ್ಯೂ ಚಿಟೋಸೆ ನಿಲ್ದಾಣಕ್ಕೆ ಸುಮಾರು 820 ಕಿ.ಮೀ.; ಸೂತ್ರದ ಪ್ರಕಾರ ಒಂದೂವರೆ ಗಂಟೆ, ವೇಳಾಪಟ್ಟಿಯೂ ಹೆಚ್ಚುಕಡಿಮೆ ಅಷ್ಟೇ ಹೇಳುತ್ತದೆ. ನ್ಯೂಯಾರ್ಕ್–ಲಂಡನ್‌ಗೆ ಸುಮಾರು 7 ಗಂಟೆ 25 ನಿಮಿಷ ಬರುತ್ತದೆ; ಹೋಗುವ ಮತ್ತು ಬರುವ ಅವಧಿಗಳ ಸರಾಸರಿಗೆ ಅದು ಹತ್ತಿರ. ಹತ್ತು ಸಾವಿರ ಕಿ.ಮೀ. ಮೀರಿದ ಹಾರಾಟಕ್ಕೆ 800ರ ಬದಲು 850 ಬಳಸಿ, ಏಕೆಂದರೆ ಅಲ್ಲಿ ವೇಗದ ದೊಡ್ಡ ವಿಮಾನಗಳು ಹಾರುತ್ತವೆ. ಸಿಂಗಪುರದಿಂದ ನ್ಯೂಯಾರ್ಕ್‌ಗೆ ಇರುವ 15,300 ಕಿ.ಮೀ.ಗೂ ಹೆಚ್ಚಿನ ದೂರಕ್ಕೆ ಹೀಗೆ 18 ಗಂಟೆ 30 ನಿಮಿಷ ಬರುತ್ತದೆ, ವೇಳಾಪಟ್ಟಿಯಲ್ಲಿ 18 ಗಂಟೆ 40 ನಿಮಿಷದ ಆಸುಪಾಸಿನಲ್ಲಿರುತ್ತದೆ. ದಟ್ಟಣೆಯ ದೊಡ್ಡ ನಿಲ್ದಾಣಗಳ ನಡುವಿನ ಚಿಕ್ಕ ಹಾರಾಟಗಳಿಗೆ ಅರ್ಧ ಗಂಟೆಯ ಬದಲು ಮುಕ್ಕಾಲು ಗಂಟೆ ಸೇರಿಸುವುದು ಒಳ್ಳೆಯದು.

ಇನ್ನು ನಿಖರ ಲೆಕ್ಕ. ಇದಕ್ಕೆ ವಿಮಾನದ ಮಾದರಿ ತಿಳಿದಿರಬೇಕು. ಟಿಕೆಟ್ ಕಾದಿರಿಸುವಾಗ ಅದು ಕಾಣಿಸುತ್ತದೆ. ಜೆಟ್ ವಿಮಾನಗಳ ವೇಗವನ್ನು ಮ್ಯಾಕ್ ಸಂಖ್ಯೆಯಲ್ಲಿ, ಅಂದರೆ ಶಬ್ದದ ವೇಗದ ಭಾಗವಾಗಿ ಹೇಳುತ್ತಾರೆ. ಹನ್ನೊಂದು ಕಿ.ಮೀ. ಎತ್ತರದಲ್ಲಿ ಪ್ರಮಾಣಿತ ಉಷ್ಣಾಂಶ ಮೈನಸ್ 56.5 ಡಿಗ್ರಿ ಸೆಲ್ಸಿಯಸ್. ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,062 ಕಿ.ಮೀ. ಏರ್‌ಬಸ್ ಎ320, ಬೋಯಿಂಗ್ 737 ಮಾದರಿಗಳು ಮ್ಯಾಕ್ 0.78ರ ಹತ್ತಿರ ಹಾರುತ್ತವೆ, ಅಂದರೆ ಗಂಟೆಗೆ ಸುಮಾರು 830 ಕಿ.ಮೀ. ಬೋಯಿಂಗ್ 787, ಏರ್‌ಬಸ್ ಎ350ಗಳು ಮ್ಯಾಕ್ 0.85ರಲ್ಲಿ ಸುಮಾರು 900 ಕಿ.ಮೀ. ರೆಕ್ಕೆಯ ಮುಂದೆ ಪ್ರೊಪೆಲ್ಲರ್ ತಿರುಗುವ ಎಟಿಆರ್ 72ರಂಥವು ಸುಮಾರು 500 ಮಾತ್ರ.

ಆದರೆ ಈ ವೇಗ ನಡುವಿನ ಭಾಗಕ್ಕಷ್ಟೇ ಅನ್ವಯಿಸುತ್ತದೆ. ಮೇಲೇರಲು ಸುಮಾರು 25 ನಿಮಿಷ, ಇಳಿಯಲು ಇನ್ನೊಂದು 25 ನಿಮಿಷ ಬೇಕು; ಈ ಎರಡರಲ್ಲಿ ಒಟ್ಟಾರೆ 450 ಕಿ.ಮೀ. ಕ್ರಮಿಸುತ್ತದೆ ಎಂದು ಇಟ್ಟುಕೊಳ್ಳಿ. ಇಳಿಯಲು ಪೈಲಟ್‌ಗಳು ಬಳಸುವ ಸರಳ ಸೂತ್ರ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. 36,000 ಅಡಿಯಿಂದ ಇಳಿಯಲು ಅದರ ಪ್ರಕಾರ 200 ಕಿ.ಮೀ. ಮೊದಲೇ ತೊಡಗಬೇಕು. ಚಿಕ್ಕ ಹಾರಾಟಗಳ ಸರಾಸರಿ ವೇಗ ಅಷ್ಟು ಕಡಿಮೆಯಿರುವುದು ಇದರಿಂದಲೇ: ಅವು ಏರಿ ಮುಗಿಯುವಷ್ಟರಲ್ಲಿ ಇಳಿಯಲಾರಂಭಿಸುತ್ತವೆ.

ಗಾಳಿ: ಅವಧಿಯ ನಿಜವಾದ ಒಡೆಯ

ಪಶ್ಚಿಮಕ್ಕೆ ಹೋಗಲು ಹೆಚ್ಚು ಹೊತ್ತು, ಪೂರ್ವಕ್ಕೆ ಬರಲು ಕಡಿಮೆ ಹೊತ್ತು ಏಕೆ? ಭೂಮಿ ತಿರುಗುವುದರಿಂದ ಎಂದು ಬಹಳ ಮಂದಿ ನಂಬಿದ್ದಾರೆ. ವಾತಾವರಣವೂ ಭೂಮಿಯ ಜೊತೆಗೇ ತಿರುಗುವುದರಿಂದ ಆ ವಿವರಣೆ ನಿಲ್ಲುವುದಿಲ್ಲ. ಕಾರಣ ಜೆಟ್ ಸ್ಟ್ರೀಮ್: ಮಧ್ಯ ಅಕ್ಷಾಂಶಗಳಲ್ಲಿ, ಸುಮಾರು ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿಯ ಪಟ್ಟಿ. ಚಳಿಗಾಲದಲ್ಲಿ ಸಮಭಾಜಕಕ್ಕೂ ಧ್ರುವಕ್ಕೂ ಉಷ್ಣಾಂಶದ ಅಂತರ ಹೆಚ್ಚುವುದರಿಂದ ಅದರ ಬಲವೂ ಹೆಚ್ಚು. ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ಮೀರುತ್ತದೆ. ವಿಮಾನ ಈ ಗಾಳಿಯೊಳಗೆ ಹೊಳೆಯಲ್ಲಿ ಸಾಗುವ ದೋಣಿಯಂತೆ. ನೀರಿನ ಮೇಲೆ ದೋಣಿಯ ವೇಗ ಒಂದೇ, ದಡದಿಂದ ನೋಡಿದಾಗ ಬೇರೆ.

ನಮ್ಮ 5,700 ಕಿ.ಮೀ. ದಾರಿಯಲ್ಲಿ ಏರಿಳಿತದ 450 ಕಳೆದರೆ 5,250 ಉಳಿಯುತ್ತದೆ. ವಿಮಾನದ ವೇಗ ಗಂಟೆಗೆ 900 ಕಿ.ಮೀ., ಸರಾಸರಿ ಗಾಳಿ ಗಂಟೆಗೆ 90 ಕಿ.ಮೀ. ಎಂದುಕೊಳ್ಳೋಣ. ಪೂರ್ವಕ್ಕೆ: 5,250 ÷ 990 = 5 ಗಂಟೆ 18 ನಿಮಿಷ. ಏರಿಳಿತದ 50 ನಿಮಿಷ ಸೇರಿಸಿದರೆ ಗಾಳಿಯಲ್ಲಿ 6 ಗಂಟೆ 8 ನಿಮಿಷ. ಪಶ್ಚಿಮಕ್ಕೆ: 5,250 ÷ 810 = 6 ಗಂಟೆ 29 ನಿಮಿಷ, ಒಟ್ಟು 7 ಗಂಟೆ 19 ನಿಮಿಷ. ಒಂದೇ ದಾರಿ, ಒಂದೇ ವಿಮಾನ, ಒಂದು ಗಂಟೆಗೂ ಹೆಚ್ಚಿನ ವ್ಯತ್ಯಾಸ.

ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಗಳಿಸಿಬಿಡಬಹುದಲ್ಲ ಎಂದು ಕೇಳಬಹುದು. ಪೂರ್ತಿ ಆಗುವುದಿಲ್ಲ. ಗಾಳಿಯಿಲ್ಲದೆ ಗಂಟೆಗೆ 900ರಂತೆ 5,400 ಕಿ.ಮೀ. ಹೋಗಿ ಬರಲು ಸರಿಯಾಗಿ 12 ಗಂಟೆ. ಗಂಟೆಗೆ 100 ಕಿ.ಮೀ. ಗಾಳಿಯಿದ್ದರೆ ಒಂದು ಕಡೆ 5 ಗಂಟೆ 24 ನಿಮಿಷ, ಇನ್ನೊಂದು ಕಡೆ 6 ಗಂಟೆ 45 ನಿಮಿಷ; ಒಟ್ಟು 12 ಗಂಟೆ 9 ನಿಮಿಷ. ಎದುರುಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಕಳೆಯುವುದರಿಂದ ಅದರ ನಷ್ಟ ಯಾವಾಗಲೂ ಹಿಂಗಾಳಿಯ ಲಾಭಕ್ಕಿಂತ ಹೆಚ್ಚು.

ಗಾಳಿಯ ಶಕ್ತಿಗೆ ಸಾಕ್ಷಿ ಬೇಕಿದ್ದರೆ 2020ರ ಫೆಬ್ರುವರಿಯ ಬಿರುಗಾಳಿಯ ದಿನಗಳಿವೆ. ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ತಲುಪಿತು. ನೆಲದಿಂದ ಅಳೆದ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿದ್ದರೂ ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಶಬ್ದದ ವೇಗವನ್ನು ಮೀರಿರಲಿಲ್ಲ. ಅದನ್ನು ನಿಜವಾಗಿಯೂ ಮೀರಿ ಹಾರುತ್ತಿದ್ದ ಕಾಂಕಾರ್ಡ್ ಎಂಬ ಪ್ರಯಾಣಿಕ ವಿಮಾನ 1996ರಲ್ಲಿ ಇದೇ ದೂರವನ್ನು 2 ಗಂಟೆ 53 ನಿಮಿಷದೊಳಗೆ ಕ್ರಮಿಸಿತ್ತು.

ಹಂತ 6: ವೇಳಾಪಟ್ಟಿಯ ಅವಧಿಯನ್ನು ಸರಿಯಾಗಿ ಓದಿ

ಟಿಕೆಟ್ಟಿನ ಮೇಲಿರುವ ಅವಧಿ ಗೇಟ್‌ನಿಂದ ಗೇಟ್‌ಗೆ ಇರುವ ಅವಧಿ. ವಿಮಾನ ಗೇಟ್ ಬಿಟ್ಟು ಹಿಂದಕ್ಕೆ ಸರಿದ ಕ್ಷಣದಿಂದ ಮತ್ತೊಂದು ಗೇಟಿನಲ್ಲಿ ನಿಲ್ಲುವವರೆಗಿನ ಹೊತ್ತು ಅದರಲ್ಲಿ ಸೇರಿದೆ. ಹೊರಡುವಾಗ ರನ್‌ವೇವರೆಗೆ ಸಾಗಲು ಹತ್ತರಿಂದ ಮೂವತ್ತು ನಿಮಿಷ, ಇಳಿದ ಮೇಲೆ ಐದರಿಂದ ಹದಿನೈದು ನಿಮಿಷ ಎಂದು ಇಟ್ಟುಕೊಂಡರೆ ನಮ್ಮ ಲೆಕ್ಕ ಪೂರ್ವಕ್ಕೆ ಸುಮಾರು 6 ಗಂಟೆ 40 ನಿಮಿಷ, ಪಶ್ಚಿಮಕ್ಕೆ 7 ಗಂಟೆ 50 ನಿಮಿಷ ಆಗುತ್ತದೆ. ವೇಳಾಪಟ್ಟಿಯಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರಬಹುದು. ವಿಮಾನಯಾನದಲ್ಲಿ ನಿಗದಿತ ಹೊತ್ತಿನಿಂದ 15 ನಿಮಿಷದೊಳಗೆ ಬಂದರೆ ಸಮಯಕ್ಕೆ ಸರಿಯಾಗಿ ಬಂದಂತೆ ಎಣಿಕೆ; ಹಾಗಾಗಿ ಕಂಪನಿಗಳು ಅವಧಿಯೊಳಗೇ ಒಂದಿಷ್ಟು ಬಿಡುವನ್ನು ಸೇರಿಸಿರುತ್ತವೆ. ತಡವಾಗಿ ಹೊರಟ ವಿಮಾನ ಸಮಯಕ್ಕೆ ತಲುಪುವುದರ ಗುಟ್ಟು ಇಲ್ಲಿದೆ.

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್‌ರೇಯಿಂದ ಪಾಪಾ ವೆಸ್ಟ್‌ರೇಗೆ ಹೋಗುವ ಲೋಗನ್‌ಏರ್ ಹಾರಾಟ ಪ್ರಪಂಚದ ಅತಿ ಚಿಕ್ಕ ನಿಯಮಿತ ಹಾರಾಟ. ದೂರ 2.7 ಕಿ.ಮೀ., ವೇಳಾಪಟ್ಟಿಯಲ್ಲಿ ಎರಡು ನಿಮಿಷ, ಅನುಕೂಲಕರ ಗಾಳಿಯಿದ್ದರೆ ಒಂದು ನಿಮಿಷಕ್ಕೂ ಕಡಿಮೆ.

‘ಡೈರೆಕ್ಟ್’ ಎಂಬ ಪದವನ್ನು ನಂಬಿ ಮೋಸಹೋಗಬೇಡಿ. ಒಂದೇ ಸಂಖ್ಯೆಯ ಹಾರಾಟ ನಡುವೆ ಎಲ್ಲೋ ಇಳಿದು ಮುಂದುವರಿದರೂ ಅದು ಡೈರೆಕ್ಟ್ ಎನಿಸಿಕೊಳ್ಳುತ್ತದೆ. ಎಲ್ಲೂ ಇಳಿಯದೆ ಹೋಗುವುದು ನಾನ್‌ಸ್ಟಾಪ್.

ಹಂತ 7: ಗಡಿಯಾರಗಳನ್ನು ಒಂದೇ ಸಮಯಕ್ಕೆ ತನ್ನಿ

ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಎರಡನ್ನೂ ನೇರವಾಗಿ ಕಳೆದರೆ ಅವಧಿ ಸಿಗುವುದಿಲ್ಲ. ನನಗೆ ಗೊತ್ತಿರುವ ಭದ್ರವಾದ ದಾರಿ ಒಂದೇ: ಎರಡೂ ವೇಳೆಗಳನ್ನು ಯುಟಿಸಿ ಎಂಬ ವಿಶ್ವ ಪ್ರಮಾಣಿತ ಸಮಯಕ್ಕೆ ತಂದು ಆಮೇಲೆ ಕಳೆಯುವುದು. ಚಳಿಗಾಲದಲ್ಲಿ ನ್ಯೂಯಾರ್ಕ್ ಯುಟಿಸಿಗಿಂತ ಐದು ಗಂಟೆ ಹಿಂದಿದೆ. ಅಲ್ಲಿ ಸಂಜೆ 7ಕ್ಕೆ ಹೊರಟರೆ ಯುಟಿಸಿಯಲ್ಲಿ ನಡುರಾತ್ರಿ 12. ಲಂಡನ್‌ನಲ್ಲಿ ಬೆಳಿಗ್ಗೆ 7ಕ್ಕೆ ಇಳಿದರೆ ಯುಟಿಸಿಯಲ್ಲೂ 7. ಅವಧಿ 7 ಗಂಟೆ.

ಬೇಸಿಗೆ ಸಮಯದ ಬದಲಾವಣೆ ಇಲ್ಲಿ ಕಾಡುತ್ತದೆ. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಿಡುತ್ತದೆ, ಬ್ರಿಟನ್ ಮತ್ತು ಯುರೋಪ್ ಮಾರ್ಚ್‌ನ ಕೊನೆಯ ಭಾನುವಾರ. ನಡುವಿನ ಎರಡು–ಮೂರು ವಾರ ಎರಡು ನಗರಗಳ ಅಂತರ ಐದರ ಬದಲು ನಾಲ್ಕು ಗಂಟೆ. ಶರತ್ಕಾಲದಲ್ಲೂ ಒಂದು ವಾರ ಹೀಗೆಯೇ ಆಗುತ್ತದೆ. ಹಿಂದಿನ ಪ್ರಯಾಣದ ನೆನಪಿನಿಂದ ಲೆಕ್ಕ ಹಾಕುವವರು ಈ ವಾರಗಳಲ್ಲಿ ಒಂದು ಗಂಟೆ ತಪ್ಪುತ್ತಾರೆ. ಎಲ್ಲ ಕಾಲವಲಯಗಳೂ ಪೂರ್ಣ ಗಂಟೆಗಳಲ್ಲಿ ಇರುವುದಿಲ್ಲ ಎಂಬುದೂ ತಿಳಿದಿರಲಿ: ಭಾರತ ಯುಟಿಸಿಗಿಂತ ಐದೂವರೆ ಗಂಟೆ, ನೇಪಾಳ ಐದೂಮುಕ್ಕಾಲು ಗಂಟೆ ಮುಂದಿದೆ.

ಪೆಸಿಫಿಕ್ ಸಾಗರದಲ್ಲಿ ದಿನಾಂಕ ಬದಲಾಗುವ ಗೆರೆಯಾದ ದಿನರೇಖೆಯನ್ನು ದಾಟುವಾಗ ದಿನಾಂಕವನ್ನೂ ನೋಡಬೇಕು. ಸಮೋವಾ ದೇಶ 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಬಿಟ್ಟು ದಿನರೇಖೆಯ ಇನ್ನೊಂದು ಬದಿಗೆ ಸೇರಿತು. ಈಗ ಅದು ಯುಟಿಸಿಗಿಂತ 13 ಗಂಟೆ ಮುಂದೆ. ಸುಮಾರು 150 ಕಿ.ಮೀ. ಆಚೆಗಿರುವ ಅಮೆರಿಕನ್ ಸಮೋವಾ 11 ಗಂಟೆ ಹಿಂದೆ. ಮಂಗಳವಾರ ಬೆಳಿಗ್ಗೆ 10ಕ್ಕೆ ಸಮೋವಾದ ರಾಜಧಾನಿ ಅಪಿಯಾದಿಂದ ಹೊರಟು 40 ನಿಮಿಷ ಹಾರಿದವರು ಅಮೆರಿಕನ್ ಸಮೋವಾದ ಪಾಗೊ ಪಾಗೊದಲ್ಲಿ ಸೋಮವಾರ ಬೆಳಿಗ್ಗೆ 10:40ಕ್ಕೆ ಇಳಿಯುತ್ತಾರೆ. ಯುಟಿಸಿಯಲ್ಲಿ ಬರೆದು ನೋಡಿ, ಲೆಕ್ಕ ಸರಿಯಾಗಿ ಕೂಡುತ್ತದೆ. ನಿಗದಿತ ಗಂಟೆಗಳ ಅಂತರದಲ್ಲಿ ಔಷಧ ತೆಗೆದುಕೊಳ್ಳುವವರು ಊರುಗಳ ಗಡಿಯಾರವನ್ನು ಬಿಟ್ಟು ಈ ಯುಟಿಸಿ ಲೆಕ್ಕದಂತೆ ಅಂತರ ಎಣಿಸಿ, ವೈದ್ಯರೊಡನೆ ಮೊದಲೇ ಮಾತನಾಡಿಕೊಳ್ಳಬೇಕು.

ಹಂತ 8: ನಡುವೆ ವಿಮಾನ ಬದಲಿಸುವುದಾದರೆ

ಹೀಥ್ರೂದಿಂದ ಸಿಡ್ನಿಗೆ ಮಹಾವೃತ್ತದ ದೂರ ಸುಮಾರು 17,020 ಕಿ.ಮೀ. ಸಿಂಗಪುರದ ಮೂಲಕ ಹೋದರೆ 10,890 ಮತ್ತು 6,300 ಸೇರಿ ಸುಮಾರು 17,190, ಶೇ 1ರಷ್ಟು ಮಾತ್ರ ಹೆಚ್ಚು. ದೂರ ಹೆಚ್ಚುವುದು ಹತ್ತು ಹದಿನೈದು ನಿಮಿಷದ ಮಾತು. ಹೊತ್ತು ಹೋಗುವುದು ನಡುವಿನ ಇಳಿತ, ಕಾಯುವಿಕೆ ಮತ್ತು ಮರು ಏರಿಕೆಯಲ್ಲಿ. ಆದ್ದರಿಂದ ಎರಡು ದಾರಿಗಳನ್ನು ಹೋಲಿಸುವಾಗ ಮೊದಲು ಕಾಯುವ ಅವಧಿಯನ್ನು ನೋಡಿ. ಸುತ್ತು ನಿಜವಾಗಿ ದೊಡ್ಡದಾಗುವುದು ನಡುವಿನ ನಿಲ್ದಾಣ ಹೋಗಬೇಕಾದ ದಿಕ್ಕಿಗೆ ವಿರುದ್ಧವಾಗಿದ್ದಾಗ.

ಪ್ರತಿ ನಿಲ್ದಾಣವೂ ವಿಮಾನ ಬದಲಿಸಲು ಬೇಕಾದ ಕನಿಷ್ಠ ಅವಧಿಯನ್ನು ನಿಗದಿಪಡಿಸಿರುತ್ತದೆ. ಹಲವು ದೊಡ್ಡ ನಿಲ್ದಾಣಗಳಲ್ಲಿ ಅದು 45ರಿಂದ 90 ನಿಮಿಷ. ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿದ್ದರೆ ತಪ್ಪಿದ ವಿಮಾನಕ್ಕೆ ಬದಲಿ ಕೊಡುವ ಹೊಣೆ ಸಾಮಾನ್ಯವಾಗಿ ಕಂಪನಿಯದು. ಬೇರೆ ಬೇರೆ ಟಿಕೆಟ್‌ಗಳಾದರೆ ನಿಮ್ಮದು. ಹಾಗೆ ಕೊಳ್ಳುವುದಾದರೆ ಮೂರು ಗಂಟೆಗಿಂತ ಕಡಿಮೆ ಬಿಡುವು ಇಟ್ಟುಕೊಳ್ಳಲೇಬೇಡಿ. ವಲಸೆ ತಪಾಸಣೆ ಮುಗಿಸಿ, ಸಾಮಾನು ಪಡೆದು, ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು.

ಮಹಾವೃತ್ತದ ದೂರಕ್ಕೆ ಕಾನೂನಿನಲ್ಲೂ ಬೆಲೆಯಿದೆ. ಹಾರಾಟ ರದ್ದಾದಾಗ ಅಥವಾ ಬಹಳ ತಡವಾದಾಗ ಪರಿಹಾರ ಕೊಡಿಸುವ ಯುರೋಪಿನ ಒಕ್ಕೂಟದ 2004ರ 261ನೇ ನಿಯಮಾವಳಿ 1,500 ಮತ್ತು 3,500 ಕಿ.ಮೀ.ಗಳ ಗೆರೆ ಎಳೆದು, ಆ ದೂರವನ್ನು ಮಹಾವೃತ್ತದ ವಿಧಾನದಿಂದಲೇ ಅಳೆಯಬೇಕೆಂದು ಹೇಳಿದೆ. ಗೆರೆಯ ಸಮೀಪದ ಹಾರಾಟವಾದರೆ ಮೂರನೇ ಹಂತದ ಲೆಕ್ಕ ನಿಮ್ಮ ಹಕ್ಕಿನ ಲೆಕ್ಕವೂ ಹೌದು.

ಹಂತ 9: ನಿಜವಾದ ದಾಖಲೆಯೊಂದಿಗೆ ಹೋಲಿಸಿ

ವಿಮಾನಗಳು ತಮ್ಮ ಸ್ಥಾನವನ್ನು ರೇಡಿಯೋ ಸಂಕೇತಗಳ ಮೂಲಕ ನಿರಂತರ ಪ್ರಸಾರ ಮಾಡುತ್ತಿರುತ್ತವೆ. ಫ್ಲೈಟ್‌ರಾಡಾರ್24, ಫ್ಲೈಟ್‌ಅವೇರ್ ಮುಂತಾದ ತಾಣಗಳು ಅವನ್ನು ಸಂಗ್ರಹಿಸಿ ತೋರಿಸುತ್ತವೆ. ನಿಮ್ಮ ಹಾರಾಟದ ಸಂಖ್ಯೆ ಕೊಟ್ಟು ಕಳೆದ ಒಂದು ವಾರದ ದಾಖಲೆ ತೆರೆಯಿರಿ. ಒಂದು ದಿನದ ಸಂಖ್ಯೆಯನ್ನು ನೆಚ್ಚಬೇಡಿ. ಐದಾರು ದಿನಗಳ ಹೊತ್ತನ್ನು ನೋಡಿದರೆ ಸಾಮಾನ್ಯ ಯಾವುದು, ಅಪರೂಪ ಯಾವುದು ತಿಳಿಯುತ್ತದೆ. ಹೊರಡುವ ತಡ ಮತ್ತು ಹಾರಾಟದ ಅವಧಿ ಎರಡನ್ನೂ ಬೇರೆ ಬೇರೆಯಾಗಿ ಗಮನಿಸಿ.

ಪ್ರಯಾಣದ ದಿನ ನಿಮ್ಮ ಹಾರಾಟಕ್ಕೆ ಬಳಸುವ ವಿಮಾನ ಈಗ ಎಲ್ಲಿದೆ ಎಂದು ನೋಡುವುದು ಅತ್ಯುಪಯುಕ್ತ ಅಭ್ಯಾಸ. ಅದು ಇನ್ನೂ ಹಿಂದಿನ ಊರಿನಿಂದ ಹೊರಟಿಲ್ಲವೆಂದರೆ ಫಲಕದಲ್ಲಿ ಏನೇ ಬರೆದಿದ್ದರೂ ನಿಮ್ಮದು ತಡವಾಗುವ ಸಾಧ್ಯತೆಯೇ ಹೆಚ್ಚು. ವಿಮಾನ ಇಳಿದ ಮೇಲೆ ಇಂಧನ, ಸ್ವಚ್ಛತೆ, ಸಾಮಾನು ಎಲ್ಲ ಮುಗಿಯಲು ಚಿಕ್ಕ ವಿಮಾನಕ್ಕೆ ಅರ್ಧದಿಂದ ಒಂದು ಗಂಟೆ, ದೊಡ್ಡದಕ್ಕೆ ಒಂದೂವರೆ ಗಂಟೆಗೂ ಹೆಚ್ಚು ಬೇಕು.

ಕರೆತರಲು ನಿಲ್ದಾಣಕ್ಕೆ ಹೋಗುವವರು ಆ್ಯಪ್ ತೋರಿಸುವ ವೇಳೆ ರನ್‌ವೇ ಮುಟ್ಟುವ ಹೊತ್ತೋ ಗೇಟ್ ತಲುಪುವ ಹೊತ್ತೋ ಎಂದು ಓದಿಕೊಳ್ಳಬೇಕು. ಮೊದಲನೆಯದಾದರೆ ಹತ್ತು ನಿಮಿಷ ಸೇರಿಸಿ. ಅಂತರರಾಷ್ಟ್ರೀಯ ಹಾರಾಟವಾದರೆ ವಲಸೆ ತಪಾಸಣೆ, ಸಾಮಾನು, ಸುಂಕದ ಕಟ್ಟೆ ದಾಟಿ ಪ್ರಯಾಣಿಕರು ಹೊರಬರಲು ಅಲ್ಲಿಂದ ಮುಂದೆ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ.